ಮನೆಯಲ್ಲೇ ‘ಕ್ಲಾಸಿಕಲ್’ ಶಿಕ್ಷಣ: ಮಗುವಿನ ವಾದಕ್ಕೆ ಎದುರಾಳಿ ಯಾರು?

2020ರ ವಸಂತದಲ್ಲಿ ಅಮೆರಿಕದ ಜನಗಣತಿ ಇಲಾಖೆ ನಡೆಸಿದ ಮನೆವಾರು ಸಮೀಕ್ಷೆಯಲ್ಲಿ, ಶಾಲಾ ವಯಸ್ಸಿನ ಮಕ್ಕಳಿರುವ ಕುಟುಂಬಗಳ ಪೈಕಿ ಶೇ. 5.4ರಷ್ಟು ಕುಟುಂಬಗಳು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿರುವುದಾಗಿ ತಿಳಿಸಿದ್ದವು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಆ ಪ್ರಮಾಣ ಶೇ. 11.1ಕ್ಕೆ ಏರಿತು. ಕಪ್ಪು ಜನಾಂಗದ ಕುಟುಂಬಗಳಲ್ಲಿ ಏರಿಕೆ ಇನ್ನೂ ತೀವ್ರವಾಗಿತ್ತು, ಶೇ. 3.3ರಿಂದ ಶೇ. 16.1ಕ್ಕೆ. ಕೋವಿಡ್ ಇಳಿದು ಶಾಲೆಗಳು ಬಾಗಿಲು ತೆರೆದ ಮೇಲೆ ಬಹಳಷ್ಟು ಮಕ್ಕಳು ತರಗತಿಗೆ ಮರಳಿದರಾದರೂ ಎಲ್ಲರೂ ಮರಳಲಿಲ್ಲ. ಹೀಗೆ ಮನೆಯಲ್ಲೇ ಉಳಿದವರ ಮುಂದೆ ಬಂದು ನಿಂತ ಪ್ರಶ್ನೆ ಒಂದೇ: ಶಾಲೆ ಬಿಟ್ಟದ್ದಾಯಿತು, ಇನ್ನು ಏನನ್ನು, ಯಾವ ಕ್ರಮದಲ್ಲಿ ಕಲಿಸಬೇಕು? ಈ ಪ್ರಶ್ನೆಗೆ ಅಮೆರಿಕದಲ್ಲಿ ಸಿಗುವ ಉತ್ತರಗಳಲ್ಲಿ ಅತ್ಯಂತ ವ್ಯವಸ್ಥಿತವಾದದ್ದು ‘ಕ್ಲಾಸಿಕಲ್’ ಶಿಕ್ಷಣ ಮಾದರಿ. ಹನ್ನೆರಡು ವರ್ಷಗಳ ಓದನ್ನು ಒಂದೇ ಚೌಕಟ್ಟಿನಲ್ಲಿ ಜೋಡಿಸಿ ಕೊಡುವುದರಿಂದ, ಗೊಂದಲದಲ್ಲಿರುವ ತಂದೆತಾಯಿಗೆ ಅದು ಬೇಗ ಒಪ್ಪಿಗೆಯಾಗುತ್ತದೆ.

ಟೆಕ್ಸಸ್, ಉತ್ತರ ಕೆರೊಲಿನಾ, ಕ್ಯಾಲಿಫೋರ್ನಿಯಾಗಳಂತಹ ಕಡೆ ನೆಲೆಸಿರುವ ಕನ್ನಡಿಗರಿಗೆ ಈ ಮಾದರಿ ಮೊದಲ ನೋಟಕ್ಕೇ ಪರಿಚಿತವೆನಿಸುವುದರಲ್ಲಿ ಆಶ್ಚರ್ಯವಿಲ್ಲ. ಮಗ್ಗಿ ಬಾಯಿಪಾಠ, ಪದ್ಯ ಬಾಯಿಪಾಠ, ವ್ಯಾಕರಣಕ್ಕೆ ಮೊದಲ ಸ್ಥಾನ, ಒಂದು ಪ್ರಾಚೀನ ಭಾಷೆಯ ಅಭ್ಯಾಸ, ಹಳೆಯ ಕಾವ್ಯಗಳ ಓದು ಇವೆಲ್ಲ ನಮ್ಮ ಅಜ್ಜಂದಿರ ಕಾಲದ ಕಲಿಕೆಯನ್ನು ನೆನಪಿಗೆ ತರುತ್ತವೆ. ಆದರೆ ಈ ಪರಿಚಿತ ಭಾವವೇ ಮಾದರಿಯ ಒಳರಚನೆಯನ್ನು ಗಮನಿಸದಂತೆ ಮಾಡುವ ಅಪಾಯವೂ ಇದೆ. ನನ್ನ ವಾದವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಕ್ಲಾಸಿಕಲ್ ಮಾದರಿಯಲ್ಲಿ ಬಾಯಿಪಾಠ, ವ್ಯಾಕರಣಗಳ ಮೊದಲ ಹಂತಕ್ಕೆ ಮನೆಯಷ್ಟು ಸೂಕ್ತವಾದ ಜಾಗ ಇನ್ನೊಂದಿಲ್ಲ. ಎರಡನೆಯ ಹಂತವಾದ ತರ್ಕಕ್ಕೆ ಮನೆಯಷ್ಟು ಇಕ್ಕಟ್ಟಾದ ಜಾಗವೂ ಇನ್ನೊಂದಿಲ್ಲ. ಈ ಮಾದರಿಯನ್ನು ಹೊಗಳುವವರೂ ತೆಗಳುವವರೂ ಬಾಯಿಪಾಠದ ಸುತ್ತಲೇ ಜಗಳವಾಡುತ್ತ, ನಿಜವಾದ ಕಷ್ಟ ಹನ್ನೊಂದು ಹನ್ನೆರಡನೆಯ ವಯಸ್ಸಿನಲ್ಲಿ ಶುರುವಾಗುತ್ತದೆಂಬುದನ್ನು ಕಡೆಗಣಿಸಿದ್ದಾರೆ.

ಮಾದರಿಯ ಬೇರು ಯುರೋಪಿನ ಪ್ರಾಚೀನ ಮತ್ತು ಮಧ್ಯಯುಗದ ವಿದ್ಯಾಕ್ರಮದಲ್ಲಿದೆ. ಐದನೆಯ ಶತಮಾನದ ಲ್ಯಾಟಿನ್ ಲೇಖಕ ಮಾರ್ಟಿಯಾನಸ್ ಕಪೆಲ್ಲಾ ಏಳು ವಿದ್ಯೆಗಳನ್ನು ಎಣಿಸಿದ. ಮುಂದೆ ಅವು ವ್ಯಾಕರಣ, ತರ್ಕ, ವಾಕ್ಕಲೆಗಳ ‘ಟ್ರಿವಿಯಂ’ ಎಂದೂ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳಗಳ ‘ಕ್ವಾಡ್ರಿವಿಯಂ’ ಎಂದೂ ಎರಡು ಗುಂಪಾದವು. ಇಲ್ಲಿ ಗಮನಿಸಬೇಕಾದದ್ದು, ಆ ಕಾಲದವರಿಗೆ ಇವು ಕಲಿಯಬೇಕಾದ ವಿಷಯಗಳಾಗಿದ್ದವೇ ಹೊರತು ಮಗುವಿನ ಬೆಳವಣಿಗೆಯ ಮೆಟ್ಟಿಲುಗಳಾಗಿರಲಿಲ್ಲ. ವ್ಯಾಕರಣವೆಂದರೆ ಲ್ಯಾಟಿನ್ ಭಾಷೆಯ ವ್ಯಾಕರಣ ಮತ್ತು ಸಾಹಿತ್ಯ. ‘ಪ್ರತಿಯೊಂದು ವಿಷಯಕ್ಕೂ ಅದರದೇ ಒಂದು ವ್ಯಾಕರಣವಿದೆ, ಅಂದರೆ ಮೂಲ ಸಂಗತಿಗಳ ಒಂದು ಕಟ್ಟು ಇದೆ, ಅದನ್ನು ಎಳೆಯ ವಯಸ್ಸಿನಲ್ಲೇ ನೆನಪಿಗೆ ಹಾಕಿಕೊಳ್ಳಬೇಕು’ ಎಂಬ ಇಂದಿನ ತಿಳಿವಳಿಕೆ ಬಹಳ ಈಚಿನದು.

ಅದು ಬಂದದ್ದು 1947ರಲ್ಲಿ, ಡೊರೊತಿ ಸೇಯರ್ಸ್ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಒಂದು ಭಾಷಣದಿಂದ. ಪತ್ತೇದಾರಿ ಕಾದಂಬರಿಗಳಿಂದ ಹೆಸರಾಗಿದ್ದ, ಡಾಂಟೆಯ ಕಾವ್ಯವನ್ನು ಇಂಗ್ಲಿಷಿಗೆ ತಂದ ಈ ವಿದುಷಿ, ಇಂದಿನ ಶಾಲೆಗಳು ಮಕ್ಕಳಿಗೆ ಹತ್ತಾರು ವಿಷಯಗಳನ್ನು ಕಲಿಸುತ್ತವೆ, ಆದರೆ ಕಲಿಯುವುದು ಹೇಗೆಂಬುದನ್ನು ಕಲಿಸುವುದಿಲ್ಲ ಎಂದು ವಾದಿಸಿದರು. ಮಗುವಿನ ಬೆಳವಣಿಗೆಯಲ್ಲಿ ಅವರು ಮೂರು ಘಟ್ಟಗಳನ್ನು ಗುರುತಿಸಿದರು: ಕೇಳಿದ್ದನ್ನು ಗಿಣಿಯಂತೆ ಸಂತೋಷದಿಂದ ಒಪ್ಪಿಸುವ ಎಳೆತನ, ಹಿರಿಯರ ಪ್ರತಿಯೊಂದು ಮಾತಿಗೂ ಎದುರಾಡುವ ನಡುವಿನ ವಯಸ್ಸು, ತನ್ನನ್ನು ತಾನು ಹೇಳಿಕೊಳ್ಳಲು ಹಂಬಲಿಸುವ ಹರೆಯ. ಟ್ರಿವಿಯಂನ ಮೂರು ವಿದ್ಯೆಗಳನ್ನು ಈ ಮೂರು ಘಟ್ಟಗಳಿಗೆ ಒಂದೊಂದಾಗಿ ಹೊಂದಿಸಿದರು. ಅದೇ ಭಾಷಣದಲ್ಲಿ, ಪಾಠ ಹೇಳಿದ ಅನುಭವ ತಮಗೆ ಬಹಳ ಕಡಿಮೆ ಎಂದೂ, ಮಕ್ಕಳ ಮನಸ್ಸಿನ ಬಗ್ಗೆ ತಾವು ಹೇಳುತ್ತಿರುವುದು ಮುಖ್ಯವಾಗಿ ತಮ್ಮ ಬಾಲ್ಯವನ್ನು ನೆನೆದುಕೊಂಡೇ ಎಂದೂ, ಈ ಸುಧಾರಣೆಗಳು ಜಾರಿಗೆ ಬರುವ ಸಂಭವ ತೀರಾ ಕಡಿಮೆ ಎಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅಷ್ಟೊಂದು ಎಚ್ಚರಿಕೆಯೊಡನೆ ಮಂಡಿಸಿದ ಒಂದು ಊಹೆ ಇಂದು ಲಕ್ಷಾಂತರ ಮಕ್ಕಳ ವೇಳಾಪಟ್ಟಿಯನ್ನು ನಿರ್ಧರಿಸುತ್ತಿದೆ.

ಊಹೆಯನ್ನು ಶಾಲೆಯಾಗಿಸಿದವರು ಅಮೆರಿಕದ ಕ್ರೈಸ್ತ ಸುಧಾರಕರು. 1981ರಲ್ಲಿ ಐಡಾಹೋ ರಾಜ್ಯದ ಮಾಸ್ಕೋ ಎಂಬ ಊರಿನಲ್ಲಿ ಡಗ್ಲಸ್ ವಿಲ್ಸನ್ ಮತ್ತವರ ಸಂಗಡಿಗರು ಲೋಗೋಸ್ ಶಾಲೆಯನ್ನು ಕಟ್ಟಿದರು. 1991ರಲ್ಲಿ ಸೇಯರ್ಸ್ ಅವರ ವಿಚಾರವನ್ನು ವಿಸ್ತರಿಸಿ ವಿಲ್ಸನ್ ಬರೆದ ಪುಸ್ತಕ ಇಂತಹ ಶಾಲೆಗಳ ಒಂದು ಅಲೆಯನ್ನೇ ಎಬ್ಬಿಸಿತು. ಮನೆಗಳಿಗೆ ಇದನ್ನು ತಲುಪಿಸಿದ ಕೀರ್ತಿ ಮಾತ್ರ ಒಬ್ಬ ತಾಯಿ ಮತ್ತು ಮಗಳಿಗೆ ಸಲ್ಲಬೇಕು. 1970ರ ದಶಕದಲ್ಲಿ, ಮನೆಯಲ್ಲಿ ಪಾಠ ಹೇಳುವುದೆಂದರೆ ಏನೆಂದು ನೆರೆಹೊರೆಯವರಿಗೂ ತಿಳಿಯದಿದ್ದ ಕಾಲದಲ್ಲಿ, ಜೆಸ್ಸಿ ವೈಸ್ ತಮ್ಮ ಮಕ್ಕಳನ್ನು ಶಾಲೆಯಿಂದ ಬಿಡಿಸಿ ತಾವೇ ಓದಿಸಿದರು. ಅವರ ಮಗಳು ಸೂಸನ್ ವೈಸ್ ಬೋವರ್ ಮುಂದೆ ಕಾಲೇಜಿನಲ್ಲಿ ಸಾಹಿತ್ಯ ಕಲಿಸುವವರಾದರು. ಇಬ್ಬರೂ ಸೇರಿ 1999ರಲ್ಲಿ ಪ್ರಕಟಿಸಿದ ‘ದಿ ವೆಲ್ ಟ್ರೇನ್ಡ್ ಮೈಂಡ್’ ಎಂಬ ದಪ್ಪ ಕೈಪಿಡಿ, ಒಂದನೆಯ ತರಗತಿಯಿಂದ ಹನ್ನೆರಡನೆಯವರೆಗೆ ಯಾವ ಪುಸ್ತಕ, ದಿನಕ್ಕೆ ಎಷ್ಟು ಹೊತ್ತು, ಯಾವ ಅಭ್ಯಾಸ ಎಂಬುದನ್ನು ವಿವರವಾಗಿ ಹೇಳಿತು. 1997ರಲ್ಲಿ ಉತ್ತರ ಕೆರೊಲಿನಾದಲ್ಲಿ ಲೀ ಬಾರ್ಟಿನ್ಸ್ ಆರಂಭಿಸಿದ ‘ಕ್ಲಾಸಿಕಲ್ ಕಾನ್ವರ್ಸೇಶನ್ಸ್’ ಬೇರೊಂದು ದಾರಿ ಹಿಡಿಯಿತು: ಕುಟುಂಬಗಳು ವಾರಕ್ಕೊಮ್ಮೆ ಒಂದೆಡೆ ಸೇರಿ, ಉಳಿದ ದಿನಗಳಲ್ಲಿ ಮನೆಯಲ್ಲಿ ಅದೇ ಪಾಠವನ್ನು ಮುಂದುವರಿಸುವ ಕ್ರಮ. ಇವೆರಡರ ಜೊತೆಗೆ, ಇಂಗ್ಲೆಂಡಿನ ಆಂಬಲ್‌ಸೈಡಿನಲ್ಲಿ ಶಿಕ್ಷಕಿಯರಿಗೆ ತರಬೇತಿ ನೀಡಿದ ಷಾರ್ಲೆಟ್ ಮೇಸನ್ (1842–1923) ಅವರ ಪದ್ಧತಿಯೂ ಈ ಹೊಳೆಗೆ ಬಂದು ಸೇರಿದೆ. ಒಳ್ಳೆಯ ಪುಸ್ತಕವನ್ನು ಒಂದೇ ಬಾರಿ ಗಮನವಿಟ್ಟು ಕೇಳಿ, ಕೇಳಿದ್ದನ್ನು ಮಗು ತನ್ನದೇ ಮಾತಿನಲ್ಲಿ ಮರುಹೇಳುವುದು ಅವರ ಕ್ರಮದ ತಿರುಳು.

ಮನೆಯೊಳಗೆ ಇದು ನಡೆಯುವ ಬಗೆಯನ್ನು ನೋಡಿದರೆ ಅದರ ಸೊಗಸು ತಿಳಿಯುತ್ತದೆ. ಇಡೀ ಓದಿಗೆ ಇತಿಹಾಸವೇ ಬೆನ್ನೆಲುಬು. ಜಗತ್ತಿನ ಇತಿಹಾಸವನ್ನು ಪ್ರಾಚೀನ, ಮಧ್ಯಯುಗ, ಆರಂಭಿಕ ಆಧುನಿಕ, ಆಧುನಿಕ ಎಂದು ನಾಲ್ಕು ವರ್ಷಗಳಿಗೆ ಹಂಚುತ್ತಾರೆ. ಹನ್ನೆರಡು ವರ್ಷಗಳಲ್ಲಿ ಆ ಚಕ್ರ ಮೂರು ಬಾರಿ ಸುತ್ತುತ್ತದೆ. ಆರು ವರ್ಷದ ಮಗು ಈಜಿಪ್ಟಿನ ಕಥೆಯನ್ನು ಕೇಳಿ, ಅದನ್ನು ನಾಲ್ಕು ವಾಕ್ಯಗಳಲ್ಲಿ ತಾಯಿಗೆ ಮರುಹೇಳುತ್ತದೆ, ತಾಯಿ ಬರೆದುಕೊಂಡದ್ದರಲ್ಲಿ ಒಂದು ವಾಕ್ಯವನ್ನು ನೋಡಿ ಬರೆಯುತ್ತದೆ. ಹತ್ತು ಹನ್ನೊಂದನೆಯ ವಯಸ್ಸಿನಲ್ಲಿ ಅದೇ ಈಜಿಪ್ಟಿಗೆ ಮರಳಿದಾಗ ಕಾಲರೇಖೆ ಬರೆದು, ಓದಿದ ಅಧ್ಯಾಯದ ಸಾರವನ್ನು ಅಂಶಗಳಾಗಿ ಒಡೆದು, ಏಕೆ ಹೀಗಾಯಿತು ಎಂದು ಕೇಳುತ್ತದೆ. ಹದಿನಾಲ್ಕು ಹದಿನೈದರಲ್ಲಿ ಮೂರನೆಯ ಸಲ ಬಂದಾಗ ಆ ಕಾಲದ ಮೂಲಗ್ರಂಥಗಳನ್ನೇ ಓದಿ ಪ್ರಬಂಧ ಬರೆಯುತ್ತದೆ. ಲ್ಯಾಟಿನ್ ಸಾಮಾನ್ಯವಾಗಿ ಮೂರು, ನಾಲ್ಕನೆಯ ತರಗತಿಯ ಹೊತ್ತಿಗೆ ಆರಂಭವಾಗುತ್ತದೆ. ಗಣಿತ ಬೇರೆಯಾಗಿ ದಿನವೂ ನಡೆಯುತ್ತದೆ. ಪ್ರತಿ ವರ್ಷ ತುಂಡುತುಂಡಾಗಿ ಬರುವ ‘ಸಮಾಜ ವಿಜ್ಞಾನ’ ಪಾಠಗಳನ್ನು ಪರೀಕ್ಷೆಗೆ ಓದಿ ಮರೆತವರಿಗೆ, ಈ ಸುತ್ತಿನ ಕ್ರಮ ಎಷ್ಟು ಅರ್ಥಪೂರ್ಣವೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಬಾಯಿಪಾಠದ ವಿಚಾರಕ್ಕೆ ಬರೋಣ. ಇಲ್ಲಿ ನಮ್ಮ ನಾಡಿನ ಒಂದು ದಾಖಲೆ ಬಹಳ ಉಪಯುಕ್ತ. 1822ರಲ್ಲಿ ಮದರಾಸು ಗವರ್ನರ್ ಥಾಮಸ್ ಮನ್ರೋ ಪ್ರಾಂತ್ಯದ ದೇಶೀ ಶಾಲೆಗಳ ಸಮೀಕ್ಷೆಗೆ ಆಜ್ಞೆ ಮಾಡಿದಾಗ, ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ವಿವರವಾದ ವರದಿ ಸಲ್ಲಿಸಿದ. ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, 6,641 ಮಕ್ಕಳು ಓದುತ್ತಿದ್ದರು, ಕನ್ನಡ ಮತ್ತು ತೆಲುಗು ಶಾಲೆಗಳೇ ಬಹುಪಾಲು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಮುಂದಿದ್ದ ಹುಡುಗರು ಹಿಂದಿದ್ದವರಿಗೆ ಕಲಿಸುವುದು, ಕಡಿಮೆ ಖರ್ಚಿನಲ್ಲಿ ಶಾಲೆ ನಡೆಯುವುದು ಇವನ್ನೆಲ್ಲ ಆತ ಮೆಚ್ಚಿಕೊಂಡ. ಆದರೆ ಹುಡುಗರು ಒಪ್ಪಿಸುವ ಪದ್ಯಗಳ ಭಾಷೆ ಆಡುಮಾತಿನಿಂದ ಬಹಳ ದೂರವಾಗಿರುವುದರಿಂದ, ಕಂಠಪಾಠ ಮಾಡಿದ ಅಸಂಖ್ಯ ಪದ್ಯಗಳ ಅರ್ಥ ಗಿಣಿಗೆ ತಿಳಿದಷ್ಟೇ ಆ ಹುಡುಗರಿಗೂ ತಿಳಿದಿರುತ್ತದೆ ಎಂದೂ ಬರೆದ. ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ ಸೇಯರ್ಸ್ ಅದೇ ಗಿಣಿಯನ್ನು ಎಳೆಯ ವಯಸ್ಸಿನ ಸಹಜ ಶಕ್ತಿಯ ಗುರುತಾಗಿ ಎತ್ತಿಹಿಡಿದರು. ಇಬ್ಬರೂ ನೋಡಿದ್ದು ಮಗುವಿನ ಒಂದೇ ಸಾಮರ್ಥ್ಯವನ್ನು. ಒಪ್ಪಿಸಿದ್ದಾದ ಮೇಲೆ ಮುಂದೇನು ಎಂಬುದರ ಮೇಲೆ ಅವರ ತೀರ್ಪುಗಳು ಬೇರೆಯಾದವು.

ಕಳೆದ ನಾಲ್ಕೈದು ದಶಕಗಳ ಸಂಶೋಧನೆ ಈ ಜಗಳದಲ್ಲಿ ನೆನಪಿನ ಪಕ್ಷವನ್ನು ಸ್ವಲ್ಪ ಬಲಪಡಿಸಿದೆ ಎನ್ನಬಹುದು. 1988ರಲ್ಲಿ ಡೋನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅಮೆರಿಕದ ಮಾಧ್ಯಮಿಕ ಶಾಲೆಯ 64 ಮಕ್ಕಳಿಗೆ ಒಂದು ಬೇಸ್‌ಬಾಲ್ ಪಂದ್ಯದ ವರ್ಣನೆಯನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದುಳಿದಿದ್ದರೂ ಬೇಸ್‌ಬಾಲ್ ಚೆನ್ನಾಗಿ ತಿಳಿದಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ತಿಳಿಯದಿದ್ದ ಮಕ್ಕಳಿಗಿಂತ ಆ ಬರಹವನ್ನು ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ಓದಿನ ಗ್ರಹಿಕೆ ಎಂಬುದು ಎಲ್ಲೆಡೆ ಸಮನಾಗಿ ಒದಗುವ ಒಂದು ಕೌಶಲವಲ್ಲ. ಓದುವ ವಿಷಯದ ಬಗ್ಗೆ ಮೊದಲೇ ಎಷ್ಟು ತಿಳಿದಿದೆ ಎಂಬುದನ್ನು ಅದು ಬಹಳ ಮಟ್ಟಿಗೆ ಅವಲಂಬಿಸಿದೆ. ಓದಿದ್ದನ್ನು ಮತ್ತೆ ಮತ್ತೆ ಓದುವುದಕ್ಕಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯುವುದು ದೀರ್ಘಕಾಲದ ನೆನಪಿಗೆ ಒಳ್ಳೆಯದೆಂಬುದನ್ನು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ನಡೆಸಿದ ಪ್ರಯೋಗಗಳು ತೋರಿಸಿದವು. ಮೇಸನ್ ಅವರ ಮರುಹೇಳುವ ಅಭ್ಯಾಸ ಈ ಎರಡೂ ತತ್ವಗಳಿಗೆ ಹೊಂದುತ್ತದೆ. ಆದ್ದರಿಂದಲೇ ಕ್ಲಾಸಿಕಲ್ ಹೆಸರಿನಲ್ಲಿ ನಡೆಯುವ ಎಲ್ಲ ಬಾಯಿಪಾಠವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕಥೆಯ ಎಳೆಯಿಲ್ಲದೆ, ಇಸವಿಗಳನ್ನೂ ರಾಜರ ಹೆಸರುಗಳನ್ನೂ ಲ್ಯಾಟಿನ್ ಪ್ರತ್ಯಯಗಳನ್ನೂ ರಾಗ ಹಾಕಿ ವಾರವಾರ ಒಪ್ಪಿಸುವ ಕ್ರಮ ಕ್ಯಾಂಪ್‌ಬೆಲ್ ಕಂಡ ಗಿಣಿಯ ಹತ್ತಿರವೇ ಉಳಿಯುತ್ತದೆ. ಕೇಳಿದ ಕಥೆಯನ್ನು ತನ್ನ ಮಾತಿನಲ್ಲಿ ಕಟ್ಟುವ ಮಗು ಮಾತ್ರ ಅದರಾಚೆಗೆ ಹೋಗುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಯಾವ ಅನುಮಾನವೂ ಇಲ್ಲದೆ ಎರಡನೆಯದನ್ನು ಆರಿಸುತ್ತೇನೆ.

ಈ ಹಂತದಲ್ಲಿ ಮನೆಗೆ ಇರುವ ಅನುಕೂಲ ಶಾಲೆಗೆ ಎಂದೂ ಬರಲಾರದು. ನಲವತ್ತು ಮಕ್ಕಳ ತರಗತಿಯಲ್ಲಿ ಪ್ರತಿಯೊಂದು ಮಗುವೂ ದಿನವೂ ಹತ್ತು ನಿಮಿಷ ಮರುಹೇಳುವುದು ಗಣಿತದ ಲೆಕ್ಕದಲ್ಲೇ ಅಸಾಧ್ಯ. ಮನೆಯಲ್ಲಿ ಅದು ಅಡುಗೆಮನೆಯ ಕಟ್ಟೆಯ ಪಕ್ಕದಲ್ಲೂ ನಡೆಯುತ್ತದೆ. ಮಗು ಎಲ್ಲಿ ತಡವರಿಸಿತು, ಯಾವ ಪದ ಅದಕ್ಕೆ ಹೊಸದು, ಯಾವ ಘಟನೆ ಅದರ ಮನಸ್ಸಿಗೆ ನಾಟಿತು ಎಂಬುದು ತಾಯಿಗೋ ತಂದೆಗೋ ಆ ಕ್ಷಣಕ್ಕೇ ತಿಳಿಯುತ್ತದೆ.

ಲ್ಯಾಟಿನ್ ಬಗೆಗಿನ ವಾದ ಇಷ್ಟು ಗಟ್ಟಿಯಾಗಿಲ್ಲ. ಲ್ಯಾಟಿನ್ ಕಲಿತರೆ ಬುದ್ಧಿ ಹರಿತವಾಗುತ್ತದೆ, ಉಳಿದೆಲ್ಲ ವಿಷಯಗಳೂ ಸುಲಭವಾಗುತ್ತವೆ ಎಂಬ ನಂಬಿಕೆಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರ ದಶಕದಲ್ಲೇ ಸಾವಿರಾರು ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿ, ಅದಕ್ಕೆ ಆಧಾರ ಕಾಣಲಿಲ್ಲ. 2003ರಲ್ಲಿ ಜರ್ಮನ್ ಭಾಷಿಕ ವಿದ್ಯಾರ್ಥಿಗಳ ಬಗ್ಗೆ ಲುಡ್ವಿಗ್ ಹಾಗ್ ಮತ್ತು ಎಲ್ಸ್‌ಬೆತ್ ಸ್ಟರ್ನ್ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ಲ್ಯಾಟಿನ್ ಕಲಿತವರಿಗಿಂತ ಮೊದಲು ಫ್ರೆಂಚ್ ಕಲಿತವರೇ ಸ್ಪ್ಯಾನಿಷ್ ಕಲಿಕೆಯಲ್ಲಿ ಮುಂದಿದ್ದರು. ಲ್ಯಾಟಿನ್ ಕಲಿಯಲು ಸರಿಯಾದ ಕಾರಣ ಆ ಭಾಷೆಯಲ್ಲಿರುವ ಸಾಹಿತ್ಯ ಮತ್ತು ಆ ನಾಗರಿಕತೆಯ ಜೊತೆಗಿನ ಸಂಬಂಧ. ಹಾಗೆ ಒಪ್ಪಿಕೊಂಡ ಕೂಡಲೇ ಅಮೆರಿಕದಲ್ಲಿರುವ ಕನ್ನಡ ಕುಟುಂಬಕ್ಕೆ ಒಂದು ಸ್ವಾತಂತ್ರ್ಯ ದೊರೆಯುತ್ತದೆ. ಸಂಬಂಧವೇ ಕಾರಣವಾಗುವುದಾದರೆ ಆ ಜಾಗದಲ್ಲಿ ಸಂಸ್ಕೃತವನ್ನೋ ಹಳಗನ್ನಡವನ್ನೋ ಇಡಲು ಯಾವ ತಾತ್ವಿಕ ಅಡ್ಡಿಯೂ ಇಲ್ಲ. ವಿಭಕ್ತಿ, ಸಂಧಿ, ಸಮಾಸಗಳ ಮೂಲಕ ಭಾಷೆಯ ರಚನೆಯನ್ನು ಬಿಡಿಸಿ ನೋಡುವ ಶಿಸ್ತನ್ನು ಹದಿಮೂರನೆಯ ಶತಮಾನದ ಕೇಶಿರಾಜನ ವ್ಯಾಕರಣದ ಸಂಪ್ರದಾಯವೂ ಕೊಡಬಲ್ಲದು. ತೊಡಕಿರುವುದು ಬೇರೆ ಕಡೆ: ಲ್ಯಾಟಿನ್‌ಗೆ ಎಂಟು ವರ್ಷದ ಮಗು ತಾನೇ ತೆರೆದು ಓದಬಹುದಾದ ಪಠ್ಯಗಳ ಸಾಲೇ ಇದೆ, ಹಳಗನ್ನಡಕ್ಕೆ ಅಂತಹ ಮಕ್ಕಳ ಪಠ್ಯವನ್ನು ತಂದೆತಾಯಿಯೇ ಜೋಡಿಸಿಕೊಳ್ಳಬೇಕು.

ಈಗ ತರ್ಕದ ಹಂತ. ಮಗು ಹನ್ನೊಂದು ಹನ್ನೆರಡಕ್ಕೆ ಬಂದಾಗ, ಕೈಪಿಡಿಗಳ ಪ್ರಕಾರ, ಅದು ಔಪಚಾರಿಕ ತರ್ಕವನ್ನು ಕಲಿಯಬೇಕು, ವಾದದ ದೋಷಗಳನ್ನು ಗುರುತಿಸಬೇಕು, ಎರಡು ಆಕರಗಳು ಬೇರೆಬೇರೆ ಹೇಳಿದಾಗ ಯಾವುದನ್ನು ಏಕೆ ನಂಬಬೇಕೆಂದು ವಿಚಾರಿಸಬೇಕು. ಇದಕ್ಕೆ ಒಳ್ಳೆಯ ಅಭ್ಯಾಸ ಪುಸ್ತಕಗಳಿವೆ. ಆದರೆ ಪ್ರಾಚೀನರು ತರ್ಕವನ್ನು ಅಭ್ಯಾಸ ಪುಸ್ತಕದಿಂದ ಕಲಿತವರಲ್ಲ. ನಾಲ್ಕನೆಯ ಶತಮಾನದ ಗ್ರೀಕ್ ವಾಗ್ಮಿತಾ ಶಿಕ್ಷಕ ಆಫ್ತೋನಿಯಸ್ ಜೋಡಿಸಿದ ಹದಿನಾಲ್ಕು ವಾಗ್ಮಿತಾ ಅಭ್ಯಾಸಗಳಲ್ಲಿ, ನೀತಿಕಥೆ ಮತ್ತು ನಿರೂಪಣೆಗಳನ್ನು ದಾಟಿದ ಮೇಲೆ, ಒಂದು ಕಥೆಯನ್ನು ನಂಬಲಾಗದೆಂದು ಖಂಡಿಸುವ ಅಭ್ಯಾಸವಿದೆ. ಅದರ ಬೆನ್ನಿಗೇ ಅಂತಹುದನ್ನೇ ಸಮರ್ಥಿಸುವ ಅಭ್ಯಾಸವೂ ಇದೆ. ಮಧ್ಯಯುಗದ ವಿಶ್ವವಿದ್ಯಾಲಯಗಳಲ್ಲಿ ವಾದವೆಂದರೆ ಸಭೆ. ಒಬ್ಬ ಆಕ್ಷೇಪಿಸುವವನು, ಒಬ್ಬ ಉತ್ತರಿಸುವವನು, ಕೊನೆಯಲ್ಲಿ ನಿರ್ಣಯ ಹೇಳುವ ಗುರು. ನಮ್ಮ ಶಾಸ್ತ್ರ ಪರಂಪರೆಯಲ್ಲೂ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಅದರ ಪೂರ್ಣ ಬಲದಲ್ಲಿ ಮಂಡಿಸದೆ ಸಿದ್ಧಾಂತಕ್ಕೆ ಹೋಗುವಂತಿರಲಿಲ್ಲ. ಈ ಎಲ್ಲ ಕ್ರಮಗಳಿಗೂ ಮೊದಲು ಬೇಕಾದದ್ದು ತನ್ನಂತೆ ಯೋಚಿಸದ ಇನ್ನೊಂದು ಮನಸ್ಸು.

ಮನೆಯಲ್ಲಿ ಆ ಮನಸ್ಸು ಯಾರದು? ಪುಸ್ತಕ ಆರಿಸಿದವರು, ಪಾಠ ಹೇಳಿದವರು, ಉತ್ತರವನ್ನು ತಿದ್ದಿದವರು, ಊಟ ಬಡಿಸುವವರು, ಕೋಪ ಬಂದಾಗ ಗದರಿಸುವವರು ಎಲ್ಲರೂ ಒಬ್ಬರೇ ಆಗಿರುವಾಗ, ಮಗುವಿನ ಆಕ್ಷೇಪಣೆ ವಾದವಾಗಿ ಉಳಿಯುವುದು ಬಹಳ ಕಷ್ಟ. ಅದು ಅವಿಧೇಯತೆಯಾಗಿ ಕಾಣಿಸುತ್ತದೆ, ಇಲ್ಲವೇ ವಾತ್ಸಲ್ಯದಲ್ಲಿ ಕರಗಿಹೋಗುತ್ತದೆ. ‘ಎದುರಾಡಬೇಡ’ ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಹಜವಾಗಿ ಬಾಯಿಗೆ ಬರುತ್ತದೆಂದು ಎಲ್ಲರಿಗೂ ಗೊತ್ತು. ತರ್ಕದ ಹಂತದ ಇಡೀ ಉದ್ದೇಶವೇ ಎದುರಾಡುವುದನ್ನು ಸರಿಯಾಗಿ ಕಲಿಸುವುದು. ಇದರ ಜೊತೆಗೆ ಇನ್ನೊಂದು ಮಿತಿಯಿದೆ. ತಂದೆತಾಯಿಗೆ ಒಂದು ನಂಬಿಕೆ ಗಾಢವಾಗಿದ್ದರೆ, ಅದರ ವಿರುದ್ಧ ಪಕ್ಷವನ್ನು ಅವರು ಎಷ್ಟೇ ಪ್ರಾಮಾಣಿಕವಾಗಿ ಮಂಡಿಸಿದರೂ, ಆ ಪಕ್ಷವನ್ನು ನಿಜವಾಗಿ ನಂಬುವವರು ಮಂಡಿಸಿದಷ್ಟು ಬಲ ಅದಕ್ಕೆ ಬರುವುದಿಲ್ಲ. ವಾರಕ್ಕೊಮ್ಮೆ ಸೇರುವ ಗುಂಪುಗಳು ಈ ಕೊರತೆಯನ್ನು ಕಂಡುಕೊಂಡೇ ಹುಟ್ಟಿದವು ಎನ್ನಬಹುದು. ಹಿರಿಯ ಮಕ್ಕಳಿಗೆ ಅಲ್ಲಿ ಚರ್ಚೆ, ಅಣಕು ನ್ಯಾಯಾಲಯ, ಪ್ರಬಂಧ ಸಮರ್ಥನೆಗಳು ನಡೆಯುತ್ತವೆ. ಆದರೆ ಗುಂಪಿನ ಎಲ್ಲ ಕುಟುಂಬಗಳೂ ಒಂದೇ ಮತ, ಒಂದೇ ರಾಜಕೀಯ ಒಲವು, ಹೆಚ್ಚುಕಡಿಮೆ ಒಂದೇ ಆದಾಯದವರಾಗಿದ್ದರೆ, ಹತ್ತು ಮನೆಗಳು ಸೇರಿಯೂ ಒಂದೇ ಮನೆಯಾಗಿ ಉಳಿಯುತ್ತವೆ.

ಅಮೆರಿಕದ ಸಂದರ್ಭದಲ್ಲಿ ಇದು ಬರಿಯ ಊಹೆಯ ಮಾತಲ್ಲ. ಕ್ಲಾಸಿಕಲ್ ಮನೆಶಿಕ್ಷಣದ ದೊಡ್ಡ ಭಾಗ ಕ್ರೈಸ್ತ ಶ್ರದ್ಧೆಯ ಮೇಲೆ ನಿಂತಿದೆ; ಬಹಳಷ್ಟು ಪಠ್ಯಕ್ರಮಗಳಲ್ಲಿ ಇತಿಹಾಸದ ಕಾಲರೇಖೆಯೂ ವಿಜ್ಞಾನದ ಪಾಠವೂ ಆ ಶ್ರದ್ಧೆಯ ಒಳಗಿನಿಂದಲೇ ಬರೆಯಲ್ಪಟ್ಟಿವೆ. ತಮ್ಮ ಮಕ್ಕಳನ್ನು ತಮ್ಮ ನಂಬಿಕೆಯಲ್ಲಿ ಬೆಳೆಸುವ ಹಕ್ಕು ತಂದೆತಾಯಿಗಿದೆ, ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಅಂತಹ ಗುಂಪಿಗೆ ಸೇರುವ ಹಿಂದೂ, ಜೈನ, ಲಿಂಗಾಯತ ಕುಟುಂಬಗಳು ಮಾತ್ರ ಏನನ್ನು ಒಪ್ಪಿಕೊಳ್ಳುತ್ತಿದ್ದೇವೆಂದು ಪುಟ ತಿರುವಿ ನೋಡಿ ತಿಳಿದುಕೊಂಡಿರಬೇಕು. ಈಚೆಗೆ ಈ ಚಳವಳಿಗೆ ರಾಜಕೀಯ ಬೆಂಬಲವೂ ದೊರೆತಿದೆ. 2015ರಲ್ಲಿ ಆರಂಭವಾದ ‘ಕ್ಲಾಸಿಕ್ ಲರ್ನಿಂಗ್ ಟೆಸ್ಟ್’ ಎಂಬ ಪ್ರವೇಶ ಪರೀಕ್ಷೆಯನ್ನು 2023ರಲ್ಲಿ ಫ್ಲಾರಿಡಾ ತನ್ನ ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ಮಾನ್ಯ ಮಾಡಿತು.

ಗಣಿತ ಮತ್ತು ಪ್ರಯೋಗಾಧಾರಿತ ವಿಜ್ಞಾನ ಈ ಮಾದರಿಯ ಇನ್ನೊಂದು ದುರ್ಬಲ ಜಾಗ. ಮನೆಶಿಕ್ಷಣದ ಸಂಶೋಧನೆಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿದ ರಾಬರ್ಟ್ ಕುಂಜ್‌ಮನ್ ಮತ್ತು ಮಿಲ್ಟನ್ ಗೇದರ್, ಮನೆಯಲ್ಲಿ ಕಲಿತ ಮಕ್ಕಳು ಭಾಷೆಯಲ್ಲಿ ಸ್ವಲ್ಪ ಮುಂದೆಯೂ ಗಣಿತದಲ್ಲಿ ಸ್ವಲ್ಪ ಹಿಂದೆಯೂ ಇರುವ ಒಲವನ್ನು ಗುರುತಿಸಿದ್ದಾರೆ. ಮಾತು ಮತ್ತು ಪುಸ್ತಕವೇ ಕೇಂದ್ರವಾಗಿರುವ ಕ್ಲಾಸಿಕಲ್ ಕ್ರಮದಲ್ಲಿ ಈ ಓರೆ ಇನ್ನಷ್ಟು ಹೆಚ್ಚಾಗುವ ಸಾಧ್ಯತೆಯಿದೆ. ಮನೆಯಲ್ಲಿ ಓದಿದವರು ಶಾಲೆಯವರಿಗಿಂತ ಎಷ್ಟೋ ಪಟ್ಟು ಮುಂದಿದ್ದಾರೆಂದು ಸಾರುವ ಅಂಕಿಗಳನ್ನಂತೂ ಎಚ್ಚರಿಕೆಯಿಂದ ಓದಬೇಕು. ಅವುಗಳಲ್ಲಿ ಬಹುಪಾಲು, ತಾವಾಗಿ ಮುಂದೆ ಬಂದು ಪರೀಕ್ಷೆಗೆ ಒಪ್ಪಿದ ಕುಟುಂಬಗಳಿಂದ ಸಂಗ್ರಹಿಸಿದವು.

ಮನೆಗೆಲಸದ ಹಂಚಿಕೆಯ ಮಾತನ್ನು ಇಲ್ಲಿ ಹೇಳದಿರಲಾಗದು. ಈ ಮಾದರಿಯ ಪ್ರತಿಯೊಂದು ಅಭ್ಯಾಸಕ್ಕೂ ಎದುರಿಗೆ ಕುಳಿತು ಕೇಳುವ ಹಿರಿಯರೊಬ್ಬರು ಬೇಕು, ಮತ್ತು ಹೆಚ್ಚಿನ ಮನೆಗಳಲ್ಲಿ ಅದು ತಾಯಿಯೇ. ಎರಡು ಮಕ್ಕಳಿದ್ದು ಇಬ್ಬರೂ ಬೇರೆ ಹಂತದಲ್ಲಿದ್ದರೆ ಬೆಳಗಿನ ನಾಲ್ಕು ಗಂಟೆಗಳು ಹೋದವು. ಸಂಜೆ ಲ್ಯಾಟಿನ್‌ನ ಮುಂದಿನ ಪಾಠವನ್ನು ತಾನೇ ಮೊದಲು ಕಲಿಯಬೇಕು. ಉದ್ಯೋಗಕ್ಕೆ ಬಂದವರ ಸಂಗಾತಿಗೆ ಸಿಗುವ ಎಚ್-4 ವೀಸಾದ ಮೇಲಿದ್ದು ಕೆಲಸ ಮಾಡುವ ಅನುಮತಿಯಿಲ್ಲದ, ಎಂಜಿನಿಯರಿಂಗ್ ಓದಿದ ತಾಯಿಗೆ ಇದು ಅರ್ಥಪೂರ್ಣ ಕೆಲಸವಾಗಿ ಒದಗಬಹುದು. ಹೊರಬರಲಾಗದ ಹೊಣೆಯೂ ಆಗಬಹುದು. ನಿರ್ಧಾರ ಗಂಡಹೆಂಡಿರ ಇಬ್ಬರದೂ ಆಗಿ, ಹೊಣೆ ಒಬ್ಬರದಾಗಿ ಉಳಿಯುವ ಮನೆಗಳಲ್ಲಿ ಮಾದರಿ ಎಷ್ಟೇ ಒಳ್ಳೆಯದಿದ್ದರೂ ಬಹುಕಾಲ ಬಾಳುವುದಿಲ್ಲ.

ಕಾನೂನಿನ ಸ್ಥಿತಿ ದೇಶದಿಂದ ದೇಶಕ್ಕೆ, ಅಮೆರಿಕದೊಳಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಎಂಟನೆಯ ತರಗತಿಯ ನಂತರ ಆಮಿಶ್ ಎಂಬ ಕ್ರೈಸ್ತ ಪಂಗಡದ ಮಕ್ಕಳನ್ನು ಶಾಲೆಗೆ ಕಳುಹಿಸಬೇಕೆಂದು ಒತ್ತಾಯಿಸುವಂತಿಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲಿ ತೀರ್ಪಿತ್ತಿತು. 1993ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಮನೆಶಿಕ್ಷಣ ಕಾನೂನುಬದ್ಧವಾಗಿತ್ತು. ಟೆಕ್ಸಸ್‌ನಲ್ಲಿ ಸರ್ಕಾರಕ್ಕೆ ವರದಿ ಒಪ್ಪಿಸುವ ಗೋಜೇ ಇಲ್ಲ, ನ್ಯೂಯಾರ್ಕ್‌ನಲ್ಲಿ ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಜರ್ಮನಿ ಇದನ್ನು ಒಪ್ಪುವುದೇ ಇಲ್ಲ, ಮತ್ತು ಆ ನಿಲುವಿನ ವಿರುದ್ಧ ಬಂದ ಅರ್ಜಿಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿತು. ಭಿನ್ನ ಹಿನ್ನೆಲೆಯ ಮಕ್ಕಳು ಒಂದೆಡೆ ಬೆರೆಯುವುದರಲ್ಲಿ ಸಮಾಜಕ್ಕೆ ನ್ಯಾಯವಾದ ಆಸಕ್ತಿಯಿದೆ ಎಂಬುದು ಅಲ್ಲಿನ ವಾದದ ಮುಖ್ಯ ಎಳೆ. ತರ್ಕದ ಹಂತದ ಬಗ್ಗೆ ಮೇಲೆ ಹೇಳಿದ ಕೊರತೆಯನ್ನೇ ನ್ಯಾಯಾಲಯ ನಾಗರಿಕತ್ವದ ಭಾಷೆಯಲ್ಲಿ ಹೇಳಿದಂತಿದೆ. ಪೂರ್ಣ ನಿಷೇಧ ಅದಕ್ಕೆ ಅತಿಯಾದ ಮದ್ದೆಂದು ನನಗನ್ನಿಸುತ್ತದೆ.

ಭಾರತದಲ್ಲಿ ಸ್ಥಿತಿ ನಡುಮಧ್ಯದ್ದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 10ನೆಯ ಕಲಮು, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯವೆನ್ನುತ್ತದೆ. ಸೇರಿಸದವರಿಗೆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ, ಮನೆಶಿಕ್ಷಣಕ್ಕೆ ಮಾನ್ಯತೆಯ ಮಾತೂ ಇಲ್ಲ. ಬೆಂಗಳೂರಿನಂತಹ ನಗರಗಳಲ್ಲಿ ಮನೆಯಲ್ಲಿ ಓದಿಸುವವರು ಸಾಮಾನ್ಯವಾಗಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗಳನ್ನು ನೆಚ್ಚಿಕೊಂಡಿದ್ದಾರೆ. ಅದರ ‘ಎ’, ‘ಬಿ’, ‘ಸಿ’ ಹಂತಗಳು ಮೂರು, ಐದು ಮತ್ತು ಎಂಟನೆಯ ತರಗತಿಗಳಿಗೆ ಸಮಾನ. ಹದಿನಾಲ್ಕು ತುಂಬಿದವರು ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಗೆ ನೋಂದಾಯಿಸಿಕೊಳ್ಳಬಹುದು.

ಕನ್ನಡದ ಮಗುವಿಗೆ ಈ ಚೌಕಟ್ಟನ್ನು ಒಗ್ಗಿಸುವುದಾದರೆ ಮೊದಲ ಹಂತದ ಸಾಮಗ್ರಿಗೆ ನಮ್ಮಲ್ಲಿ ಬರವಿಲ್ಲ. ಕುಮಾರವ್ಯಾಸನ ಷಟ್ಪದಿಯನ್ನು ಗಮಕಿಗಳು ವಾಚಿಸಿ, ವ್ಯಾಖ್ಯಾನಕಾರರು ಅರ್ಥ ಬಿಡಿಸುವ ಪದ್ಧತಿ ಕ್ಯಾಂಪ್‌ಬೆಲ್‌ನ ಆಕ್ಷೇಪಣೆಗೆ ನೇರ ಉತ್ತರ. ಅಲ್ಲಿ ಕಂಠವೂ ಅರ್ಥವೂ ಜೊತೆಜೊತೆಗೆ ಸಾಗುತ್ತವೆ. ತರ್ಕದ ಹಂತಕ್ಕೂ ನಮ್ಮಲ್ಲಿ ಅಪೂರ್ವವಾದ ಪಠ್ಯವೊಂದಿದೆ. ಹದಿನೈದನೆಯ ಶತಮಾನದ ಶೂನ್ಯಸಂಪಾದನೆ ವಚನಗಳನ್ನು ಸಂವಾದವಾಗಿ ಜೋಡಿಸಿದ ಕೃತಿ. ಕೆರೆ ಕಟ್ಟೆ ದೇಗುಲಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನ ಎದುರು ಅಲ್ಲಮ ನಿಂತು ಆ ಕಾಯಕವನ್ನೇ ಪ್ರಶ್ನಿಸುತ್ತಾನೆ. ಅನುಭವ ಮಂಟಪಕ್ಕೆ ಬಂದ ಅಕ್ಕಮಹಾದೇವಿಯನ್ನು ಕಠಿಣವಾಗಿ ಪರೀಕ್ಷಿಸುತ್ತಾನೆ, ಆಕೆ ಪ್ರತಿ ಪ್ರಶ್ನೆಗೂ ನಿಂತು ಉತ್ತರಿಸುತ್ತಾಳೆ. ಹನ್ನೆರಡು ಹದಿಮೂರರ ಇಬ್ಬರು ಮಕ್ಕಳು ಈ ಪ್ರಸಂಗಗಳಲ್ಲಿ ಒಬ್ಬೊಬ್ಬರು ಒಂದೊಂದು ಪಕ್ಷವನ್ನು ಹಿಡಿದು ವಾದಿಸಿ, ಮರುವಾರ ಪಕ್ಷ ಬದಲಿಸಿ ವಾದಿಸಿದರೆ, ಆಫ್ತೋನಿಯಸ್‌ನ ಖಂಡನೆ ಮತ್ತು ಸಮರ್ಥನೆಯ ಅಭ್ಯಾಸಗಳನ್ನು ಕನ್ನಡದಲ್ಲೇ ಮಾಡಿದಂತಾಗುತ್ತದೆ.

ಆದರೆ ಅದಕ್ಕೆ ಆ ಎರಡನೆಯ ಮಗು ಬೇಕು, ಮತ್ತು ಇಬ್ಬರ ವಾದವನ್ನೂ ಕೇಳಿ ತಿದ್ದುವ, ಇಬ್ಬರಿಗೂ ತಂದೆತಾಯಿಯಲ್ಲದ ಒಬ್ಬ ಹಿರಿಯರು ಬೇಕು. ಊರಿನ ಗ್ರಂಥಪಾಲಕರೋ, ನಿವೃತ್ತ ಮೇಷ್ಟ್ರೋ, ಬೇರೆ ಮತದ ಬೇರೆ ವೃತ್ತಿಯ ಸ್ನೇಹಿತರೋ ಆಗಬಹುದು. ಅಮೆರಿಕದಲ್ಲಾದರೆ ವಾರಾಂತ್ಯದ ಕನ್ನಡ ಶಾಲೆಯ ಶಿಕ್ಷಕರೂ ಆಗಬಹುದು. ಮನೆಯಲ್ಲಿ ಈ ದಾರಿ ಹಿಡಿಯುವ ಕುಟುಂಬಗಳು ಪುಸ್ತಕಗಳ ಪಟ್ಟಿಗೆ ಕೊಡುವಷ್ಟೇ ಗಮನವನ್ನು ಈ ಹುಡುಕಾಟಕ್ಕೂ ಕೊಡಬೇಕು, ಅದೂ ಮಗುವಿಗೆ ಹತ್ತು ತುಂಬುವ ಮೊದಲೇ. ಎದುರಾಡುವ ವಯಸ್ಸು ಬಂದ ಮೇಲೆ ಹೊಸಬರೊಬ್ಬರನ್ನು ಗುರುವಾಗಿ ಒಪ್ಪಿಕೊಳ್ಳುವುದು ಯಾವ ಮಗುವಿಗೂ ಸುಲಭವಲ್ಲ.